ಬೀಗ ಹಾಕಿ ಬೆಳಗೋಡಿಗೆ ಕಳಿಸಿದ ರೇಟು

ಕಾಫಿ ವ್ಯಾಪಾರದಲ್ಲಿ ಬೆಳಗಿನ ರೇಟು ಅಂದರೆ ಮಗಳ ಮದುವೆ ಮಾತುಕತೆ ಇದ್ದ ಹಾಗೆ. ಕುದುರುವ ತನಕ ಆಚೆ ಹೋಗಕೂಡದು. ಸಕಲೇಶಪುರದ ನಮ್ಮ ಆಫೀಸಿನಿಂದ ಬೆಳಗೋಡಿನ ಖರೀದಿ ಡಿಪೋಗೆ ಅದನ್ನು ಕಂಪ್ಯೂಟರಿನಲ್ಲಿ ಕಳಿಸಲೆಂದೇ ಲೀಸ್ಡ್ ಲೈನ್ ಹಾಕಿಸಿದ್ದೆವು, ನಮಗೇ ಮೀಸಲಾದ ತಂತಿ. ಕಾಫಿ ಬರುವುದು ನಾಲ್ಕು ತಿಂಗಳು, ಬಾಡಿಗೆ ವರ್ಷವಿಡೀ. ಮಳೆಗಾಲದಲ್ಲಿ ಆ ತಂತಿಯಲ್ಲಿ ಹೋಗುತ್ತಿದ್ದದ್ದು ಬರೀ ನಮ್ಮ ದುಡ್ಡು.

ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ಹಾಸನದ ಕಂಪ್ಯೂಟರ್ ವ್ಯಾಪಾರಿಯೊಬ್ಬರು ವಿಪಿಎನ್ ಹಾಕಿಸಿ ಅಂದರು. ಎಲ್ಲರ ಇಂಟರ್‌ನೆಟ್‌ನಲ್ಲೇ ರೇಟು ಹೋಗುತ್ತದೆ, ಆದರೆ ಬೀಗ ಹಾಕಿಕೊಂಡು; ಬೀಗದ ಕೈ ಎರಡು ತುದಿಯಲ್ಲೂ ನಮ್ಮದೇ. ಖರ್ಚು ಕಾಲುಭಾಗ.

"ಸ್ಯಾಂಪಲ್ ನೋಡ್ದೆ ನಾವು ಮೂಟೆ ಇಳಿಸ್ಕೊಳ್ಳೋರಲ್ಲ. ಹದಿನೈದು ದಿನ ಓಡ್ಸಿ ತೋರ್ಸಿ, ಆಮೇಲೆ ದುಡ್ಡು" ಅಂದೆ. ಮುಖ ಹುಳಿ ಮಾಡಿಕೊಂಡು ಒಪ್ಪಿದರು. ನೀವೂ ಕೇಳಿ ನೋಡಿ, ಕೇಳುವುದಕ್ಕೇನೂ ಖರ್ಚಿಲ್ಲ.

ಒಪ್ಪದಿದ್ದವರು ನನ್ನ ಪಾಲುದಾರರು, ಹೆಂಡತಿಯ ಅಣ್ಣ.

"ಸಂತೆ ಬೀದೀಲಿ ರೇಟು ಬಿಟ್ರೆ ಡಿಪೋ ಎದುರಂಗಡಿಯವ್ನಿಗೆ ಗೊತ್ತಾಗಲ್ವೇನೋ ಮಾರಾಯ?"

"ಬೀಗ ಐತೆ ಭಾವ."

"ಬೀಗ ಒಡೆಯೋರೂ ಅವ್ರೆ. ಒಂದ್ಸಲ ಆಚೆ ಹೋಯ್ತೋ, ನನ್ನ ಪಾಲು ಕೊಟ್ಬುಡು. ನಾನು ಬೇರೆ."

ತಮಾಷೆಗೆ ಹೇಳುವ ಜನವಲ್ಲ. ಅವರ ಪಾಲು ಹೋದರೆ ಬೆಳಗೋಡಿನ ಡಿಪೋ ಬಾಗಿಲು ಹಾಕಬೇಕಿತ್ತು.

ವಿಪಿಎನ್ ಓಡತೊಡಗಿದ ಮೂರನೇ ದಿನವೇ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರ್ ವರದಿ ಕೊಟ್ಟ: ಎದುರಂಗಡಿಯವನು ನಮ್ಮ ರೇಟಿಗಿಂತ ಮೂಟೆಗೆ ಸರಿಯಾಗಿ ಹತ್ತು ರೂಪಾಯಿ ಜಾಸ್ತಿ ಹೇಳಿ, ಬೆಳೆಗಾರರ ಜೀಪುಗಳನ್ನೆಲ್ಲ ಎಳೆದುಕೊಳ್ಳುತ್ತಿದ್ದಾನೆ. ಮಾರನೇ ದಿನವೂ ಅದೇ ಹತ್ತು. "ಪಾಲು ಬೇರೆ ಮಾಡ್ಕಳಾಣ, ಲಾಯರ್ ಹತ್ರ ಹೋಗಾಣ ನಡಿ" ಅಂದರು ಭಾವ. ಹಾಸನದವರಿಗೆ ಫೋನಿನಲ್ಲೇ ಬೈದೆ. ಬೀಗ ಗಟ್ಟಿಯಾಗೇ ಇದೆ ಅಂತ ಅವರು ಆಣೆ ಹಾಕಿದರು.

ಮರುದಿನ ಮೊದಲ ಬಸ್ಸಿಗೆ ಬೆಳಗೋಡಿಗೆ ಹೋಗಿ, ಕಾಫಿ ಮಾರಲು ಬಂದವರ ಜೊತೆ ಡಿಪೋದ ಬೆಂಚಿನ ಮೇಲೆ ಕೂತೆ. ಎಂಟಕ್ಕೆ ರೇಟು ಬಂತು. ರೈಟರ್ ತುಟಿ ಬಿಚ್ಚದೆ ಬರೆದುಕೊಂಡ. ಭೇಷ್ ಅಂದುಕೊಳ್ಳುವಷ್ಟರಲ್ಲಿ ಮೂಲೆಯ ಫೋನು ಹೊಡೆದುಕೊಂಡಿತು. ಆ ಫೋನಿನಲ್ಲಿ ಮಾತಾಡುವುದೆಂದರೆ ಆಚೆ ಗುಡ್ಡದವನನ್ನು ಕರೆದ ಹಾಗೆ. ರೈಟರ್ ಒಂದು ಕಿವಿಗೆ ಬೆರಳಿಟ್ಟು ಗಂಟಲು ಹರಿದುಕೊಂಡ: "ಬಂತು ಯಜಮಾನ್ರೇ! ಪಾರ್ಚ್‌ಮೆಂಟು ಕಾಫಿ ಮೂರ್ಸಾವ್ರದ ನಾನೂರು! ಹ್ಞೂಂ, ನಾ-ನೂ-ರು!"

ಪಕ್ಕದಲ್ಲಿದ್ದವನೊಬ್ಬ ಎದ್ದು ರಸ್ತೆ ದಾಟಿದ. "ಎದುರಂಗಡಿ ತೂಕದಾಳು ಕಣ್ರೀ" ಅಂದ ಒಬ್ಬ ಬೆಳೆಗಾರ. "ದಿನಾ ಈ ಕೂಗಿಗೇ ಕಾಯ್ಕಂಡು ಕೂತಿರ್ತಾನೆ."

"ಫೋನ್ ಯಾರ್ದೋ?" ಅಂತ ರೈಟರನ್ನು ಕೇಳಿದೆ.

"ನಿಮ್ಮ ಭಾವನೋರದು. ಮನೆಯಿಂದ ಮಾಡ್ತಾರೆ. ಹೊಸ ಲೈನ್ ನಂಬಕ್ಕಾಗಲ್ಲ, ಸರಿಯಾಗಿ ಬಂತಾ ಓದಿ ಹೇಳು ಅಂತಾರೆ."

ವಾಪಸ್ ಬಂದು ಅಂದೆ, "ಭಾವ, ರೇಟು ಆಚೆ ಬಿಟ್ಟೋರು ಸಿಕ್ರು."

"ಯಾರೋ ಅವ್ನು?"

"ದಿನಾ ಎಂಟಕ್ಕೆ ಬೆಳಗೋಡಿಗೆ ಫೋನ್ ಮಾಡೋರು."

ಭಾವ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. "ಆ ರೈಟರ್ ಗಂಟ್ಲು ಎಂಥದ್ದೋ ಮಾರಾಯ" ಅಂದರು. ಲಾಯರ್ ವಿಷಯ ಇಬ್ಬರೂ ಎತ್ತಲಿಲ್ಲ. ಲೀಸ್ಡ್ ಲೈನ್ ಬೇಡವೆಂದು ಬರೆದ ಕಾಗದಕ್ಕೆ ಅವರು ಅಲ್ಲೇ ಸೈನ್ ಹಾಕಿದರು. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, "ನಾಳೆಯಿಂದ ಫೋನ್ ಮಾಡಲ್ಲ. ನಾನೇ ಹೋಗಿ ನೋಡ್ಕಂಡ್ ಬರ್ತೀನಿ" ಅಂದರು.

ಒಂದು ತಿಂಗಳು ದಿನಾ ಹೋಗಿ ನೋಡಿಕೊಂಡು ಬಂದರು. ಬಸ್ ಚಾರ್ಜು ಕಂಪನಿಯದು.