ಡಾಕ್ಟರಿಗೆ ತೋರಿಸಿದ ಕೈ

ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನಾನು ಮೊದಲು ಕಂಡದ್ದು ಮನುಷ್ಯರ ಕೂದಲು. ಬಾಡಿಗೆ ಮನೆ ನೋಡಲು ಹೋದರೆ ಪಕ್ಕದ ಮನೆಯ ಕಟ್ಟೆಯ ಮೇಲೆ ಅದು ರಾಶಿ ಬಿದ್ದಿತ್ತು. ಕಪ್ಪು, ಕಂದು, ನಡುನಡುವೆ ನರೆತದ್ದು. ರಾಶಿಯ ಮಧ್ಯೆ ವಯಸ್ಸಾದ ಹೆಂಗಸೊಬ್ಬಳು ಆರಾಮವಾಗಿ ಕುಳಿತು ಸಿಕ್ಕು ಬಿಡಿಸುತ್ತಿದ್ದಳು. ನಮ್ಮ ಕೊಳ್ಳೇಗಾಲದ ಕಡೆ ಅನ್ನದಲ್ಲಿ ಒಂದೆಳೆ ಸಿಕ್ಕರೆ ತಟ್ಟೆಯನ್ನೇ ಸರಿಸುವ ಜನ ನಾವು. ನಾನು ಸೆರಗನ್ನು ಮೂಗಿಗೆ ಹಿಡಿದೆ. ಆಕೆ ನಕ್ಕಳು.

"ಕೂದ್ಲ ಐತ್ರಿ, ಹಾವಲ್ಲ. ದಾಟಿ ಬರ್ರಿ."

ಆಕೆಯೇ ಹುಲಿಗೆಮ್ಮ. ವಿಗ್ಗಿಗೆ ಹೋಗುವ ಕೂದಲನ್ನು ಬಿಡಿಸಿ ಉದ್ದಕ್ಕೆ ತಕ್ಕಂತೆ ಜೋಡಿಸಿ ಕೊಡುವುದು ಆ ಬೀದಿಯ ಅನೇಕ ಹೆಂಗಸರ ಕೆಲಸ. ಯಾರ ತಲೆಯದೋ, ಯಾವ ಊರಿನದೋ, ಅವಳಿಗೆ ಅದರ ಗೊಡವೆಯಿಲ್ಲ. ಆ ಧೈರ್ಯ ನೋಡಿಯೇ ನಾನು ಆ ಮನೆ ಹಿಡಿದೆ ಎಂದರೂ ತಪ್ಪಿಲ್ಲ.

ನಾನು ಬಂದದ್ದು ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಟೀಚರಾಗಿ. ಇಲ್ಲಿ ಶಾಲೆ 'ಸಾಲಿ', ಟೀಚರಮ್ಮ 'ಅಕ್ಕೋರು'. ನಾನು "ಚೆನ್ನಾಗಿದೆ" ಎಂದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದವು. "ಛಲೋ ಐತಿ" ಎನ್ನಲು ಕಲಿತ ದಿನ ತರಗತಿಗೆ ತರಗತಿಯೇ ಹಲ್ಲು ಬಿಟ್ಟಿತು. ನಮ್ಮ ಕನ್ನಡ ಇವರಿಗೆ ಟಿವಿಯ ಕನ್ನಡ. ಇವರ ಕನ್ನಡ ನನಗೆ ಮೊದಮೊದಲು ಜಗಳದಂತೆ ಕೇಳಿಸುತ್ತಿತ್ತು. ಆಮೇಲೆ ತಿಳಿಯಿತು, ಬೈಯುವಾಗಲೂ ಕೊನೆಗೊಂದು 'ರಿ' ಹಚ್ಚುವ ಜನ ಇವರು.

ಹೊಟ್ಟೆಯ ಪಾಡೇ ಬೇರೆ. ಮುದ್ದೆ ನುಂಗಿ ಬೆಳೆದವಳಿಗೆ ಜೋಳದ ರೊಟ್ಟಿ ಬಡಿಯಲು ಬರಲಿಲ್ಲ. ನಾನು ಬಡಿದದ್ದು ಭೂಪಟದಂತೆ ಹರಿದುಹೋಗುತ್ತಿತ್ತು. ಹುಲಿಗೆಮ್ಮ ನನ್ನ ಹಿಂದೆ ಕುಳಿತು, ನನ್ನ ಎರಡೂ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಬಡಿಸಿದಳು. ಮದುವೆಯಾಗದೆ ಒಂಟಿಯಾಗಿ ಬಂದ ಹೆಂಗಸಿನ ಕೈಯನ್ನು ಈ ಊರಿನಲ್ಲಿ ಮೊದಲು ಹಿಡಿದದ್ದು ಅವಳು. ಅವಳ ಮೊಮ್ಮಗಳು ರೇಣುಕಾ ನನ್ನ ತರಗತಿಗೇ ಬಂದಾಗ ನಾನೂ ಹಾಗೆಯೇ, ಅವಳ ಪುಟ್ಟ ಮುಷ್ಟಿಯನ್ನು ನನ್ನ ಮುಷ್ಟಿಯೊಳಗಿಟ್ಟುಕೊಂಡು ಅ ತಿದ್ದಿಸಿದೆ.

ಆ ವರ್ಷದ ದಸರೆಗೆ ನಾನು ಊರಿಗೆ ಹೋಗಲಿಲ್ಲ. ನಮ್ಮಲ್ಲಿ ದಸರೆ ಎಂದರೆ ಗೊಂಬೆ, ಮೈಸೂರಿನ ದೀಪ. ಇಲ್ಲಿ ವಿಜಯದಶಮಿಯ ಸಂಜೆ ಊರಿಗೆ ಊರೇ ಬನ್ನಿ ಗಿಡದ ಎಲೆ ಹಿಡಿದು ಮನೆಮನೆಗೆ ಹೊರಡುತ್ತದೆ. ಎಲೆಯನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಕೊಟ್ಟು, ಹಿರಿಯರ ಕಾಲು ಮುಟ್ಟಿ, ಹಳೆಯ ಮನಸ್ತಾಪ ಬಿಡಬೇಕು. ಹುಲಿಗೆಮ್ಮ ನನ್ನ ಅಂಗೈಯಲ್ಲಿ ಎಲೆಯಿಟ್ಟು, ಬೆರಳುಗಳನ್ನು ತಾನೇ ಮಡಿಚಿ, ತನ್ನೆರಡೂ ಕೈಗಳಿಂದ ಒತ್ತಿದಳು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕೋರ." ಅಂದು ನಾನು ಈ ಊರಿನವಳಾದೆ ಎಂದುಕೊಂಡೆ.

ಮಚ್ಚೆ ಬಂದದ್ದು ಆಮೇಲೆ. ಬಲಗೈ ಬೆರಳ ತುದಿಯಲ್ಲಿ ಸೀಮೆಸುಣ್ಣ ಹತ್ತಿದ ಹಾಗೆ ಒಂದು ಬಿಳುಪು. ತೊಳೆದೆ, ಹೋಗಲಿಲ್ಲ. ಇನ್ನೊಂದು ಬೆರಳಿಗೆ ಬಂತು, ಮುಂಗೈಗೆ ಬಂತು. ಕೊಪ್ಪಳದಲ್ಲಿ ಚರ್ಮದ ಡಾಕ್ಟರಿಲ್ಲವೆಂದಲ್ಲ. ಆದರೆ ಹೊರಗಿನ ಬೆಂಚಿನ ಮೇಲೆ ನನ್ನ ತರಗತಿಯ ಮಕ್ಕಳ ತಾಯಂದಿರು ಯಾರಾದರೂ ಕುಳಿತಿರುತ್ತಾರೆ. ಅವರ ಕಣ್ಣು ತಪ್ಪಿಸಲೆಂದೇ ಮೈಸೂರಿನಲ್ಲಿರುವ ತಂಗಿಗೆ ಹೇಳಿ ಅಲ್ಲಿಯ ಡಾಕ್ಟರಮ್ಮನೊಬ್ಬರನ್ನು ಫೋನಿನಲ್ಲೇ ಕಾಣುವ ಏರ್ಪಾಡು ಮಾಡಿಕೊಂಡೆ.

ಮೊದಲು ಫೋಟೋ ಕಳಿಸಿದೆ. ನನ್ನ ಫೋನು ಎಲ್ಲರನ್ನೂ ಬೆಳ್ಳಗೆ ಮಾಡುವ ಉಪಕಾರಿ; ಮಚ್ಚೆಯಿದ್ದ ಕೈಯನ್ನು ಪೂರ್ತಿ ಮಚ್ಚೆಯ ಬಣ್ಣಕ್ಕೇ ತಿರುಗಿಸಿ ಕಳಿಸಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಳ್ಳಲ್ಲ. ಡಾಕ್ಟರಮ್ಮ ವಿಡಿಯೋದಲ್ಲಿ ಬಂದರು. ಟ್ಯೂಬ್‌ಲೈಟಿನಲ್ಲಿ ಏನೂ ಕಾಣುವುದಿಲ್ಲ, ಬಿಸಿಲ ಬೆಳಕು ಬೇಕು ಎಂದರು. ಈ ಕಡೆಯ ಮನೆಗಳಿಗೆ ಕಿಟಕಿ ಕಡಿಮೆ. ಬೆಳಕು ಬೇಕಾದರೆ ಮಾಳಿಗೆ ಹತ್ತಬೇಕು. ಮಾಳಿಗೆಗಳೋ ಒಂದಕ್ಕೊಂದು ಅಂಟಿಕೊಂಡಿವೆ. ಬೆಂಚಿನ ಮೂರು ಜನಕ್ಕೆ ಹೆದರಿದವಳು ಇಡೀ ಓಣಿಯ ನೆತ್ತಿಯ ಮೇಲೆ ನಿಂತು ಕೈಯೆತ್ತಿ ಹಿಡಿದೆ.

ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಕಣ್ಣು ಮುಚ್ಚಿಕೊಳ್ಳಬೇಕು, ಇನ್ನೊಬ್ಬರು ಹತ್ತಿಯ ಎಳೆಯಿಂದ ಮಚ್ಚೆಯನ್ನು ಮುಟ್ಟಬೇಕು. "ಮುಟ್ಟಿದ್ದು ಗೊತ್ತಾದಾಗೆಲ್ಲ 'ಹ್ಞೂಂ' ಅನ್ನಿ." ನಾನಿದ್ದಲ್ಲಿಗೆ ಬಂದು ಮುಟ್ಟುವುದು ಅವರಿಗೆ ಸಾಧ್ಯವಿರಲಿಲ್ಲವಲ್ಲ.

ಪಕ್ಕದ ಮಾಳಿಗೆಯಲ್ಲಿ ಹುಲಿಗೆಮ್ಮ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಕರೆದೆ. ಗೋಡೆ ದಾಟಿ ಬಂದಳು. ದೇವರ ದೀಪದ ಹೂಬತ್ತಿಯ ತುದಿ ಹಿಂಜಿ ಕೊಟ್ಟು ಕಣ್ಣು ಮುಚ್ಚಿದೆ. ಬತ್ತಿ ಬೆರಳಿಗೆ ತಾಗಿತು. ಹ್ಞೂಂ. ಮುಂಗೈಗೆ ತಾಗಿತು. ಹ್ಞೂಂ. ಒಂದೂ ತಪ್ಪಲಿಲ್ಲ. ಫೋನಿನೊಳಗಿಂದ ಡಾಕ್ಟರಮ್ಮ ಸಮಾಧಾನದಿಂದ, ಸ್ಪೀಕರಿನಲ್ಲಿ, "ಸ್ಪರ್ಶ ಗೊತ್ತಾಗ್ತಿದೆ, ಇದು ಕುಷ್ಠ ಅಲ್ಲ, ಹೆದರಬೇಡಿ, ಬರೀ ತೊನ್ನು" ಎಂದರು. ಮುಖದ್ದಾದರೆ ಬೇಗ ಬಣ್ಣ ತಿರುಗುತ್ತದೆ, ಬೆರಳ ತುದಿಯದು ಹಟಮಾರಿ, ಮುಲಾಮು ಹಚ್ಚುತ್ತಾ ಇರಿ ಎಂದೂ ಹೇಳಿದರು. ಅವರು ಅಲ್ಲ ಎಂದದ್ದು ನನಗೆ ಕೇಳಿಸಿತು. ಹುಲಿಗೆಮ್ಮನಿಗೆ ಎರಡೂ ರೋಗದ ಹೆಸರು ಕೇಳಿಸಿದವು.

ಅವಳು ಬತ್ತಿಯನ್ನು ಮಾಳಿಗೆಯ ಅಂಚಿನಲ್ಲಿಟ್ಟು ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಅವಳ ಹಿತ್ತಲಿನಿಂದ ನೀರು ಸುರಿಯುವ ಸದ್ದು ಬಂತು. ಕೈ ತೊಳೆಯುವ ಸದ್ದು. ಅದು ನಿಲ್ಲುವವರೆಗೂ ನಾನು ಬಿಸಿಲಿನಲ್ಲೇ ನಿಂತಿದ್ದೆ.

ಮರುವಾರ ರೇಣುಕಾಳ ಕೈ ಹಿಡಿಯಲು ಬಾಗಿದರೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಆಯಿ ಬ್ಯಾಡ ಅಂದಾಳ್ರಿ ಅಕ್ಕೋರ" ಎಂದಳು. ಆಯಿ ಎಂದರೆ ಅಜ್ಜಿ. ಮಗುವಿಗೆ ಮುಚ್ಚಿಡಲು ಬಂದಿರಲಿಲ್ಲ, ಅಷ್ಟೇ. ಉಳಿದ ಮಕ್ಕಳು ಬಾಯಿಬಿಟ್ಟು ಹೇಳದೆ ಚಾಪೆಯನ್ನೇ ಹಿಂದಕ್ಕೆ ಸರಿಸಿಕೊಂಡವು. ಅವರ ತಾಯಂದಿರು ಮಾತ್ರ ದಾರಿಯಲ್ಲಿ ಸಿಕ್ಕಾಗೆಲ್ಲ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಆರಾಮ ಅದೀರೇನ್ರಿ ಎನ್ನುತ್ತಿದ್ದರು. ಯಾರಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಾಯಿ ನನಗೂ ಇದೆ. 'ರಿ' ಹಚ್ಚಿ ದೂರ ಇಟ್ಟವರೊಡನೆ ಜಗಳವಾಡುವುದು ಹೇಗೆ?

ಓಣಿಯಲ್ಲಿ ಯಾರೇ ದೂರ ಸರಿದರೂ ತಡೆದುಕೊಳ್ಳುತ್ತಿದ್ದೆ. ಹುಲಿಗೆಮ್ಮ ಹೋಗಬಾರದಿತ್ತು. ಅವಳ ಕೈಯೊಂದು ಉಳಿದರೆ ಸಾಕು ಎಂದು ನಾಚಿಕೆ ಬಿಟ್ಟು ಡಾಕ್ಟರಮ್ಮನ ಕಾಲು ಹಿಡಿದೆ, ಅದೂ ಫೋನಿನಲ್ಲೇ. ಅವರು ಬೇಸರವಿಲ್ಲದೆ ಅವಳ ಜೊತೆ ಮಾತಾಡಿದರು. ಇದು ಅಂಟುವುದಿಲ್ಲ, ಮುಟ್ಟಿದರೆ, ಜೊತೆಗೆ ಉಂಡರೆ, ಏನೂ ಆಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಹುಲಿಗೆಮ್ಮ ತಲೆಯ ಮೇಲೆ ಸೆರಗು ಹೊದ್ದು, ಎದುರಿಗೇ ಇದ್ದಾರೇನೋ ಎಂಬಂತೆ ಕೈ ಮುಗಿದು ಎಲ್ಲ ಕೇಳಿದಳು. ಫೋನು ಇಟ್ಟ ಮೇಲೆ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರಿತ್ತು.

"ಡಾಕ್ಟರ್ ಸುಳ್ಳು ಹೇಳ್ತಾರ ಅನ್ನಂಗಿಲ್ರಿ ಅಕ್ಕೋರ. ಭಾಳ ಓದ್ಯಾರ. ಆದ್ರ ಅವ್ರೂ ನಿಮ್ಮನ್ನ ಫೋನಿನ್ಯಾಗ ನೋಡ್ಯಾರ. ಅವ್ರೂ ಮುಟ್ಟಿಲ್ಲಲ್ರಿ."



ಬೇಸಿಗೆ ರಜೆಗೆ ಕೊಳ್ಳೇಗಾಲಕ್ಕೆ ಬಂದೆ. ಊರಿನವರಾದ ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿದಿರಿ, ನೋಡಿ ಬೇರೆ ಕಡೆ ನೋಡಿದಿರಿ. ಅತ್ತಿಗೆ ನನಗೆಂದು ಬೇರೆ ಟವೆಲ್ ಇಟ್ಟಿದ್ದಳು, ಹೊಸದು, ಹೂವಿನ ಅಂಚಿನದು. ಅಮ್ಮ ಆ ಕಡೆಯ ನೀರು ನಿನಗೆ ಆಗಿಬರಲಿಲ್ಲ ಎಂದು ಅತ್ತಳು. ಭಾಗ್ಯನಗರದ ಓಣಿಯಲ್ಲಿ ಕೇಳಿದರೆ ಇದನ್ನು ನಾನು ನಮ್ಮ ಕಡೆಯಿಂದಲೇ ತಂದದ್ದು. ರೋಗವನ್ನೂ ಯಾವ ಊರೂ ತನ್ನದೆನ್ನಲಿಲ್ಲ. ಮೈಸೂರಿಗೆ ಹೋಗಿ ಡಾಕ್ಟರಮ್ಮನ ಎದುರು ಕೂರಬೇಕೆಂದಿದ್ದೆ. ಅವರೂ ಮುಟ್ಟದಿದ್ದರೆ ಎಂಬ ಭಯಕ್ಕೆ ಹೋಗಲಿಲ್ಲ. ಮುಲಾಮು ತಪ್ಪಿಸದೆ ಹಚ್ಚುತ್ತಿದ್ದೇನೆ. ಬೆರಳ ತುದಿ ಹಾಗೇ ಇದೆ.

ಈ ದಸರೆಗೂ ನಾನು ಊರಿಗೆ ಬರಲಿಲ್ಲ. ಏಕೆಂದು ತಂಗಿ ಕೇಳಿದಳು. ಪರೀಕ್ಷೆಯಿದೆ ಎಂದೆ. ರಜೆಯಲ್ಲಿ ಎಂಥ ಪರೀಕ್ಷೆ ಎಂದು ಅವಳು ಕೇಳಲಿಲ್ಲ. ಸಂಜೆ ದೀಪ ಹಚ್ಚಿ, ಸೀರೆಯುಟ್ಟು, ಬಾಗಿಲು ತೆರೆದು ಕುಳಿತೆ. ಮಂದಿ ಎಲೆ ಹಿಡಿದು ಆ ಮನೆಗೆ ಈ ಮನೆಗೆ ಹೋಗುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಹುಲಿಗೆಮ್ಮ ಬಂದಳು. ಬಾರದೆ ಇರಲು ಅವಳಿಂದಾಗಲಿಲ್ಲ ಎಂಬುದು ಮುಖದಲ್ಲೇ ಇತ್ತು. ಕಟ್ಟೆಯ ಕೆಳಗೆ ರೇಣುಕಾ ನಿಂತಿದ್ದಳು.

ನಾನು ಎದ್ದು ಬಲಗೈ ಚಾಚಿದೆ. ಮಾಳಿಗೆಯ ಮೇಲೆ ಮಾಡಿದಂತೆ ಕಣ್ಣು ಮುಚ್ಚಿದೆ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕೋರ" ಎಂದಳು. ಎಲೆಗಳು ಮೇಲಿನಿಂದ ಉದುರಿ ಅಂಗೈಗೆ ಬಿದ್ದವು. ಒಂದೆರಡು ಹೊಸ್ತಿಲ ಮೇಲೆ ಬಿದ್ದವು. ಅವಳು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೈ ಚಾಚಿ, ಕಣ್ಣು ಮುಚ್ಚಿ ನಿಂತಿದ್ದೆ. ಎಲೆ ಬಿಟ್ಟರೆ ಹ್ಞೂಂ ಅನ್ನುವಂಥದ್ದೇನೂ ನನ್ನ ಕೈಗೆ ತಾಗಲಿಲ್ಲ.