ಸೋದರಮಾವನ ತೊಟ್ಟಿಲು

ಕಲಘಟಗಿಯ ಕಾಶಿನಾಥನಿಗೆ ಕಂಪನಿಯವರು ಹಾಕಿದ ಸೀಲು ಕಂಡರೆ ಕೈ ತುರಿಸುತ್ತಿತ್ತು. ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಫಿಟರ್ ಆದವನು. ಡೀಸೆಲ್ ಪಂಪಿನ ಸೀಲು ಒಡೆದು, ಒಳಗಿನ ಸ್ಕ್ರೂ ಚೂರು ತಿರುವಿದರೆ ಎಂಜಿನ್ ಹೇಗೆ ಎಳೆಯುತ್ತದೆ ಎಂಬುದು ಅವನಿಗೆ ಕರಗತ. ಮೊರಬದ ಎರೆಹೊಲದವರು ಇದೊಂದಕ್ಕೇ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾಡಬೇಡಿ ಎಂದು ಬರೆದದ್ದು ಅಂಜುಬುರುಕರಿಗೆ ಎಂಬುದು ಅವನ ಶಾಸ್ತ್ರ. ಆ ಶಾಸ್ತ್ರ ಟ್ರ್ಯಾಕ್ಟರಿನ ವಿಷಯದಲ್ಲಿ ಒಮ್ಮೆಯೂ ಕೈಕೊಡಲಿಲ್ಲ, ಅದೇ ಕೆಟ್ಟದ್ದಾಯಿತು.

ಮುಂದೆ ಅವನು ಊರಲ್ಲೇ ಬಣ್ಣದ ತೊಟ್ಟಿಲು ಮಾಡುವ ಕಾರ್ಖಾನೆ ಹಾಕಿದ. ಕಟ್ಟಿಗೆ ಕೊರೆಯಲು ಒಂದು ಮಷಿನ್, ಎಲ್ಲಿ ಎಷ್ಟು ಕೊರೆಯಬೇಕೆಂದು ಲೆಕ್ಕ ಹಾಕಿ ಅದನ್ನು ನಡೆಸಲು ಒಂದು ಹಳೇ ಕಂಪ್ಯೂಟರ್. ಕಂಪ್ಯೂಟರ್ ಮುದಿ ಎಮ್ಮೆಯ ಹಾಗೆ ನಿಧಾನ. ಕಾಶಿನಾಥ ಮೊಬೈಲಿನಲ್ಲಿ ನೋಡಿ ನೋಡಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ಕಲಿತ. ಕಂಪ್ಯೂಟರಿನ ಪ್ರತಿಯೊಂದು ಪ್ರೋಗ್ರಾಮೂ ಲೆಕ್ಕಕ್ಕೆಂದು ಕೈಚಾಚುವ ಮೂಲ ಲೈಬ್ರರಿಯೊಂದು ಇರುತ್ತದಲ್ಲ, ಅದನ್ನೇ ತಾನು ಹೊಸದಾಗಿ ಕಂಪೈಲ್ ಮಾಡಿ, ಅಂದರೆ ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ಇಳಿಸಿ, ಕೂರಿಸಿದ. ಮಾಡುವಾಗ ಕಂಪೈಲರಿಗೆ ಅತಿ ವೇಗದ ಸೆಟ್ಟಿಂಗು ಕೊಟ್ಟ. ಆ ಸೆಟ್ಟಿಂಗು ಲೆಕ್ಕದಲ್ಲಿ ಅಡ್ಡದಾರಿ ಹಿಡಿಯುತ್ತದೆ. ಕೆಟ್ಟ ಸಂಖ್ಯೆ ಬರುವುದೇ ಇಲ್ಲ ಎಂದು ನಂಬಿ, ಅಂಥದ್ದನ್ನು ಹಿಡಿಯಲು ಇಟ್ಟ ಕಾವಲನ್ನೇ ಕಿತ್ತುಹಾಕುತ್ತದೆ. ಈ ಲೈಬ್ರರಿಗೆ ಆ ಸೆಟ್ಟಿಂಗು ಹಾಕಬೇಡಿ, ಹಾಕಿದರೆ ನಾವು ಹೊಣೆಯಲ್ಲ ಎಂದು ಅದನ್ನು ಬರೆದವರು ಸ್ಪಷ್ಟವಾಗಿ ಹೇಳಿದ್ದರು. ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳಲು ಪರೀಕ್ಷೆಗಳನ್ನೂ ಜೊತೆಗೆ ಕೊಟ್ಟಿದ್ದರು. ಅವು ತಾಸುಗಟ್ಟಲೆ ಹಿಡಿಯುತ್ತವೆ ಎಂದು ಕಾಶಿನಾಥ ಅವುಗಳ ತಂಟೆಗೇ ಹೋಗಲಿಲ್ಲ. ಮಷಿನ್ ಓಡತೊಡಗಿತು. ಅವನು ಬಂದವರಿಗೆಲ್ಲ ಚಹಾ ಕುಡಿಸಿ ತೋರಿಸಿದ.

ಕಾರ್ಖಾನೆಯಲ್ಲಿ ತೊಟ್ಟಿಲು ಜೋಡಿಸುತ್ತಿದ್ದವನು ಗಂಗಪ್ಪ. ಊರಿನ ಹಳೆಯ ಬಡಿಗ, ಕಾಶಿನಾಥನ ತಂದೆಯ ವಾರಿಗೆಯವನು. ಮಷಿನ್ ಕೊರೆದ ತೂತಿಗೆ ಗೂಟ ಬಡಿದು ತೊಟ್ಟಿಲ ಮೂಲೆಯ ಕಾಲು ಮತ್ತು ಅಡ್ಡಪಟ್ಟಿ ಕೂಡಿಸುವುದು ಅವನ ಕೆಲಸ. ಒಂದು ದಿನ ಅವನು ಒಂದು ಕಾಲನ್ನು ಎತ್ತಿಕೊಂಡು ಬಂದು, "ತಮ್ಮಾ, ಈ ತೂತು ಸಡ್ಲ ಬಂದೈತಿ ನೋಡು" ಎಂದ. ಹುಬ್ಬಳ್ಳಿಯ ವ್ಯಾಪಾರಿಗಳು ಎದುರಿಗೇ ಕೂತಿದ್ದರು. ಕಾಶಿನಾಥ ತೂತನ್ನು ನೋಡಲೂ ಇಲ್ಲ.

"ಕುಣಿಯಾಕ ಬರಲಾರದಾಕಿ ಅಂಗಳ ಡೊಂಕ ಅಂದ್ಲಂತ. ಮಷಿನ್ ತಪ್ಪಂಗಿಲ್ಲ ಕಾಕಾ, ನಿನ್ನ ಕೈ ನಡಗಾಕತ್ತಾವ."

ವ್ಯಾಪಾರಿಗಳು ನಕ್ಕರು. ಗಂಗಪ್ಪ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು, ಕಾಲನ್ನು ಹೊತ್ತು ಹಿಂದಕ್ಕೆ ಹೋದ. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಸಡಿಲ ಬಂದಲ್ಲಿ ಫೆವಿಕಾಲ್ ತುಂಬಿ ಬಡಿಯುತ್ತಿದ್ದ.

ಅಷ್ಟರಲ್ಲಿ ಬಾಣಂತನಕ್ಕೆ ತವರಿಗೆ ಬಂದಿದ್ದ ತಂಗಿ ಮಹಾನಂದಾಳಿಗೆ ಗಂಡುಮಗುವಾಯಿತು. ಪದ್ಧತಿಯಂತೆ ತೊಟ್ಟಿಲು ಸೋದರಮಾವನದು. ಕಾಶಿನಾಥ ಎಲ್ಲಕ್ಕಿಂತ ಚಂದದ್ದನ್ನು ಮಾಡಿಸಿ ಪಡಸಾಲೆಯ ತೊಲೆಗೆ ತೂಗಹಾಕಿದ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸಂಶಿಯಿಂದ ತಂಗಿಯ ಅತ್ತೆ ಮಹಾದೇವಕ್ಕ ಬೀಗರೊಡನೆ ಬಂದಳು. ಗಂಗಪ್ಪನೂ ಮಡಿಚಿಟ್ಟ ರುಮಾಲು ತೆಗೆದು ಸುತ್ತಿಕೊಂಡು ಬಂದು ಬಾಗಿಲ ಬಳಿ ಕೂತಿದ್ದ.

ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕುವುದು ಪದ್ಧತಿ. ಅಡುಗೆಮನೆಯ ಕಲ್ಲಿಗೆ ಕೂಸಿನ ತಲೆಯ ಕುಂಚಿಗೆ ಕಟ್ಟಿ, ಕಾಡಿಗೆ ಹಚ್ಚಿ, ಗುಂಡಪ್ಪ ಬಂದ ಎಂದು ನಗುತ್ತ ಹೆಂಗಸರು ಅದನ್ನು ಮಲಗಿಸಿ ಜೋಗುಳ ಹಾಡುತ್ತ ಒಮ್ಮೆ ತೂಗಿದರು. ಎರಡನೆಯ ತೂಗಿಗೆ ಪಟ್ಟಿ ಕಳಚಿತು. ತೊಟ್ಟಿಲು ಬಾಯಿಬಿಟ್ಟು, ಕಲ್ಲು ದಡಕ್ಕನೆ ನೆಲದ ಫರಸಿಗೆ ಬಿದ್ದು, ಫರಸಿಯ ಮೂಲೆ ಸೀಳಿತು.

ಜೋಗುಳ ನಿಂತಿತು. ಮಹಾನಂದಾ ತೊಡೆಯ ಮೇಲಿದ್ದ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು. ಕಾಶಿನಾಥ ಕಳಚಿದ ಕಾಲನ್ನು ಕೈಗೆತ್ತಿಕೊಂಡ. ತೂತು ದುಂಡಗಿರಲಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕಿತ್ತು. ಗೂಟ ಬಡಿಯುವವನ ಕೈ ನಡುಗಿದರೆ ತೂತು ಹಾಗಾಗುವುದಿಲ್ಲ. ಅದು ಅವನಿಗೆ ಆ ಕ್ಷಣಕ್ಕೇ ಹೊಳೆಯಿತು.

"ಕೂಸು ಇದ್ದಿದ್ರ ಏನ್ ಗತಿ ಆಗ್ತಿತ್ತು?" ಎಂದಳು ಮಹಾದೇವಕ್ಕ. "ಯಾರ್ರಿ ಈ ಗೂಟಾ ಬಡದಾವ್ರು?"

ಗಂಗಪ್ಪ ಎದ್ದು ನಿಂತ. "ನಾನ್ರಿ ಯವ್ವಾ. ಕೈ ನಡಗತಾವ್ರಿ. ತಪ್ಪಾತ್ರಿ."

ಬಾಯಿ ಬಿಡಲು ಕಾಶಿನಾಥನಿಗೆ ಅದೇ ಹೊತ್ತು. ಅವನು ಬಿಡಲಿಲ್ಲ. ಬೀಗರ ಮುಂದೆ ಮಾನ ಹೋದೀತೆಂದು, ಕಾಲಿನ ತೂತನ್ನು ಗೋಡೆಯ ಕಡೆ ತಿರುಗಿಸಿಟ್ಟು, ಬಾಜು ಮನೆಯ ತೊಟ್ಟಿಲು ತರಲು ಓಡಿದ. ತಿರುಗಿ ಬರುವಷ್ಟರಲ್ಲಿ ಗಂಗಪ್ಪ ಉಣ್ಣದೇ ಹೋಗಿದ್ದ.

ಮರುದಿನ ಕಾಶಿನಾಥ ಹಳೆಯ ಲೈಬ್ರರಿಯನ್ನೇ ಮತ್ತೆ ಹಾಕಿ ಅದೇ ಅಳತೆಯ ಕಾಲುಗಳನ್ನು ಕೊರೆಸಿದ. ಎಷ್ಟು ಕೊರೆದರೂ ತೂತುಗಳು ಬಿಗಿಯಾಗಿ ಬಂದವು. ತಾನು ಕಂಪೈಲ್ ಮಾಡಿದ್ದನ್ನು ಹಾಕಿದ. ಒಂದಷ್ಟು ಸರಿ ಬಂದವು, ಆಮೇಲೆ ಒಂದು ಉದ್ದಕ್ಕೆ ಬಂತು. ಬರೆದವರು ಕೊಟ್ಟ ಪರೀಕ್ಷೆಗಳನ್ನು ಈಗ ನಡೆಸಿದರೆ ಸಾಲು ಸಾಲಾಗಿ ನಪಾಸು.  ಬಿಗಿ ತೂತಿನದೊಂದು, ಉದ್ದ ತೂತಿನದೊಂದು, ಎರಡು ಕಾಲುಗಳನ್ನು ಚೀಲಕ್ಕೆ ಹಾಕಿಕೊಂಡು ಗಂಗಪ್ಪನ ಮನೆಗೆ ನಡೆದ.

ಗಂಗಪ್ಪ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಉಳಿ, ಕೊಡತಿಗಳನ್ನು ಬೆಳಿಗ್ಗೆಯೇ ಅಳಿಯನಿಗೆ ಕೊಟ್ಟುಬಿಟ್ಟಿದ್ದ. ಕಾಶಿನಾಥ ಕಾಲುಗಳನ್ನು ಮುಂದಿಟ್ಟು, ಲೈಬ್ರರಿ, ಸೆಟ್ಟಿಂಗು, ಬಿಟ್ಟ ಪರೀಕ್ಷೆ, ಎಲ್ಲವನ್ನೂ ತೊದಲುತ್ತ ಹೇಳಿದ. ತಪ್ಪು ತನ್ನದು, ನಾಳೆಯೇ ಸಂಶಿಗೆ ಹೋಗಿ ಬೀಗರ ಮುಂದೆ ಹೇಳುತ್ತೇನೆ ಎಂದ. ಮುದುಕ ಕೊನೆಯವರೆಗೂ ಕೇಳಿ, ಅವನ ಬೆನ್ನ ಮೇಲೆ ಕೈಯಿಟ್ಟ.

"ನನ್ನ ಮರ್ಯಾದಿ ಉಳಸಾಕ ನೀ ಸುಳ್ಳ ಹೇಳಬ್ಯಾಡ ತಮ್ಮಾ. ಮಷಿನ್ ತಪ್ಪಂಗಿಲ್ಲ. ನೀನ ಹೇಳಿದ್ದಿಲ್ಲಾ?"

ಕಾಶಿನಾಥ ಎರಡು ಕಾಲುಗಳನ್ನೂ ಅವನ ಕೈಗೆ ಕೊಟ್ಟು ಮುಟ್ಟಿ ನೋಡು ಎಂದ. ಗಂಗಪ್ಪ ಮುಟ್ಟಲಿಲ್ಲ, ತನ್ನ ಬೆರಳಿನ ಮೇಲೆ ಈಗ ತನಗೆ ನಂಬಿಕೆಯಿಲ್ಲ ಎಂದ. ಒಳಗಿನಿಂದ ಹೆಂಡತಿ ಫಕೀರವ್ವ ಚಹಾ ತಂದಳು. ಇಷ್ಟು ದೊಡ್ಡ ಮನಸ್ಸಿನ ಧಣಿ ಸಿಕ್ಕಿದ್ದು ತಮ್ಮ ಪುಣ್ಯ ಎಂದು ಕಣ್ಣೊರೆಸಿಕೊಂಡಳು. ಕಾಶಿನಾಥ ತಲೆ ಎತ್ತದೆ ಚಹಾದ ಕಪ್ ಹಿಡಿದು ಕೂತ.