ಅಕ್ಕನ ಎಡೆ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಬದುಕಿದ್ದ ಅಕ್ಕನ ತಿಥಿಯೂಟ ಉಂಡಿದ್ದೇನೆ. ಮುಖ ಹಿಂಡಬೇಡಿ, ನಿಮ್ಮಜ್ಜಿ ಬಾಯಿ ಜೋರಿರಬಹುದು, ಸುಳ್ಳು ಹೇಳುವವಳಲ್ಲ. ಸೂಳಗಿರಿಯ ಹತ್ತಿರ ರಾಗಿ, ಹುರುಳಿ ಬೆಳೆಯುವ ಮನೆ ನಮ್ಮದು. ಅಲ್ಲಿ ಅಪ್ಪ ಹೇಳಿದ್ದೇ ಮಾತು.

ಅಕ್ಕ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದ್ದಳು. ಗಂಡನನ್ನು ತಿಂದುಕೊಂಡವಳು ಎಂದು ಊರವರು ಅಂದರು, ಅಪ್ಪನೂ ಅಂದ. ಬೆಳಿಗ್ಗೆ ಅಪ್ಪ ಹೊಲಕ್ಕೆ ಹೊರಡುವಾಗ ಅವಳು ಎದುರಿಗೆ ಬರುವಂತಿರಲಿಲ್ಲ. ಅವನು ಬೇಲಿ ದಾಟುವವರೆಗೆ ಕೊಟ್ಟಿಗೆಯಲ್ಲಿ, ಸಗಣಿ ಗಂಜಲದ ನಡುವೆ ನಿಂತಿರಬೇಕಿತ್ತು. ದೇವರಿಗೂ ನನ್ನನ್ನು ಕಂಡರೆ ಆಗದು ಎಂದು ಅವಳೂ ನಂಬಿಬಿಟ್ಟಿದ್ದಳು. ಅವಳಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಸಂತೆಗೆ ಹುಣಸೆಹಣ್ಣು ಮಾರಲು ಹೋದಾಗ ರಸ್ತೆ ಬದಿಯ ಹೆಂಚಿನ ಮನೆಯೊಂದರಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವರು ಅವಳಿಗೆ ಪರಿಚಯವಾದರು. ಅವರು ಅವಳನ್ನು ಎದುರಿಗೇ ಕೂರಿಸಿಕೊಂಡು ಮಾತಾಡಿಸಿದರಂತೆ. ಕೆಲವು ತಿಂಗಳಾದ ಮೇಲೆ ನನಗೆ ಜಡೆ ಹೆಣೆಯುತ್ತಾ ಅಕ್ಕ ಹೇಳಿದಳು: "ದೇವ್ರಿಗೆ ನನ್ ಮ್ಯಾಲೆ ಸಿಟ್ಟಿಲ್ಲ ಕಣೆ. ನನ್ ಪಾಪ ಎಲ್ಲಾ ಯೇಸು ಹೊತ್ಕಂಡವ್ನೆ. ದೇವ್ರಿಗೂ ನಂಗೂ ಈಗ ಜಗಳ ಇಲ್ಲ." ಆಮೇಲೆ ಕೆರೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು, ಒದ್ದೆ ಕೂದಲಲ್ಲೇ ಮನೆಗೆ ಬಂದು ಅಪ್ಪನಿಗೆ ಹೇಳಿದಳು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ಅವಳನ್ನು ಹೊರಗೆ ನಿಲ್ಲಿಸಿ, ಬಾಗಿಲ ಮುಂದೆ ನೀರಿನ ಗಡಿಗೆ ಒಡೆದು, ತಲೆಗೆ ನೀರು ಹಾಕಿಕೊಂಡು, "ನನ್ ದೊಡ್ ಮಗ್ಳು ಸತ್ತೋದ್ಲು" ಎಂದ. ಅಕ್ಕ ಪ್ರಾರ್ಥನೆಯವರ ಮನೆ ಸೇರಿಕೊಂಡಳು. ಇಲ್ಲಿ ನಮಗೆಲ್ಲ ಸೂತಕ. ಹನ್ನೊಂದನೆಯ ದಿನಕ್ಕೆ ಅಪ್ಪ ನೆಂಟರನ್ನು ತಿಥಿಗೆ ಕರೆದ.

ಆ ದಿನ ಮನೆಯೆಲ್ಲ ವಡೆ ಕರಿದ ಘಮ, ಬೆಲ್ಲದ ಪಾಯಸದ ಘಮ. ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕಲ್ಲ, ಅದನ್ನೆಲ್ಲ ಅಪ್ಪ ಅಮ್ಮನ ಕೈಯಲ್ಲೇ ಮಾಡಿಸಿದ. ಒಲೆಯ ಹೊಗೆ ಎನ್ನುತ್ತಾ ಅಮ್ಮ ಅತ್ತಳು. ಹಿತ್ತಲಿನ ಚಪ್ಪಡಿ ಕಲ್ಲಿನ ಮೇಲೆ ಮುತ್ತುಗದ ಎಲೆ ಹಾಸಿ ಎಡೆ ಇಟ್ಟರು. ಅದನ್ನು ಕಾಗೆ ಮುಟ್ಟುವವರೆಗೆ ಯಾರೂ ಊಟಕ್ಕೆ ಕೂರುವಂತಿಲ್ಲ. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ, ಅದನ್ನು ತೀರಿಸುತ್ತೇವೆ ಎಂದು ಮನೆಯವರು ಮಾತು ಕೊಡಬೇಕು.

ಹುಣಸೆಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲೇರಿತು, ಪಾಯಸ ಕೆನೆಗಟ್ಟಿತು, ಹಸಿವಿಗೆ ನನ್ನ ಹೊಟ್ಟೆ ಚುರುಗುಟ್ಟಿತು. ಚಿಕ್ಕ ಮಕ್ಕಳು ಅಳತೊಡಗಿದವು.

"ಏನೋ ಆಸೆ ಉಳ್ಕಂಡೈತೆ ಕಣ್ಲಾ, ತೀರಿಸ್ತೀನಿ ಅನ್ನು" ಎಂದು ದೊಡ್ಡಪ್ಪ ಅಪ್ಪನನ್ನು ಒತ್ತಾಯಿಸಿದ.

"ಹೂಂ ದೊಡ್ಡಪ್ಪ, ಉಳ್ಕಂಡೈತೆ."

ದನಿ ಬಂದ ಕಡೆ ತಿರುಗಿದರೆ ಬೇಲಿಯ ಆಚೆ ಅಕ್ಕ ನಿಂತಿದ್ದಳು. ಸಂತೆಯಲ್ಲಿ ಯಾರೋ ಅವಳಿಗೆ ಅವಳದೇ ತಿಥಿಯ ಸುದ್ದಿ ಮುಟ್ಟಿಸಿದ್ದರು. ಹೆಂಗಸರು ಸೆರಗೆಳೆದುಕೊಂಡು ಹಿಂದೆ ಸರಿದರು. ಅಕ್ಕ ಒಳಗೆ ಬಂದು ಕೈ ಮುಗಿದಳು. "ಅಪ್ಪ, ಒಂದ್ಸಲ ಮಗ್ಳೇ ಅಂತ ಕರಿ. ಸಾಕು, ಹೊಂಟೋಯ್ತೀನಿ."

ನಾನು ಅಪ್ಪನ ಬಾಯಿಯನ್ನೇ ನೋಡುತ್ತಿದ್ದೆ. ಅವನು ಮರದ ಕಡೆ ಮುಖ ತಿರುಗಿಸಿದ.

"ಹೋಗ್ಲಿ, ಮಕ್ಳು ಹಸ್ಕಂಡವೆ" ಎಂದು ಅಕ್ಕ ಎಲೆಯ ಮುಂದೆ ಕೂತಳು. ತಲೆ ಬಾಗಿಸಿ ಕಣ್ಣು ಮುಚ್ಚಿದಳು. "ತಂದೆ, ನಮ್ಮಪ್ಪನ ಮ್ಯಾಲೆ ಸಿಟ್ಟು ಇಟ್ಕಬ್ಯಾಡ" ಎಂದದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ತನ್ನ ತಿಥಿಯ ಎಡೆಯನ್ನು ನಿಧಾನವಾಗಿ ಉಂಡಳು. ಅಷ್ಟು ನೆಮ್ಮದಿಯ ಮುಖವನ್ನು ನಮ್ಮ ಮನೆಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ನನಗಂತೂ ಅವಳ ತೊಡೆಯ ಮೇಲೆ ಬಿದ್ದು ಅಳಬೇಕೆನ್ನಿಸಿತು.

ಅಪ್ಪ ಈ ಕಡೆ ತಿರುಗಿದ. ಖಾಲಿಯಾದ ಎಲೆ ನೋಡಿದ. ನೆಂಟರಿಗೆ ಜೋರಾಗಿ ಹೇಳಿದ: "ಕಾಗೆ ಮುಟ್ತು. ಏಳ್ರಿ, ಊಟಕ್ಕೆ ಕೂತ್ಕಳ್ರಿ."

ಎಲ್ಲರೂ ಎದ್ದರು. ಎಲ್ಲರೂ ಉಂಡರು. ಅಕ್ಕ ಕೈ ತೊಳೆದುಕೊಂಡು, ಅಮ್ಮನ ಕಡೆ ಒಮ್ಮೆ ನೋಡಿ ಹೊರಟುಹೋದಳು. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ಕೊನೆಗಾಲದಲ್ಲಿ ಅವಳೇ ಬಂದು ಗಂಜಿ ಕುಡಿಸಿದಳು. ಗಂಜಿ ಕುಡಿದ, ಮಗಳೇ ಎಂದು ಕರೆಯಲಿಲ್ಲ.

ನೀವು ಹಾಗಲ್ಲ. ಬೆಳಿಗ್ಗೆ ಜಗಳವಾಡಿ ಫೋನಿನಲ್ಲಿ ಬ್ಲಾಕ್ ಮಾಡುತ್ತೀರಿ, ಸಂಜೆಗೆ ಅದೇ ಬೆರಳಲ್ಲಿ ತೆಗೆಯುತ್ತೀರಿ. ಕ್ರಿಸ್‌ಮಸ್ ಬಂದರೆ ಆಲಸನತ್ತಂನಲ್ಲಿ ಅವಳ ಮನೆಯ ಕೇಕಿಗೆ ನಿಮ್ಮದೇ ಮೊದಲ ಕೈ. ಗೇಟಿನಿಂದಲೇ "ದೊಡ್ಡಜ್ಜೀ" ಎಂದು ಕೂಗುತ್ತಾ ನುಗ್ಗುತ್ತೀರಿ. ಅವಳು ಓಗೊಡುವುದಿಲ್ಲ. ಮತ್ತೆ ಕೂಗುತ್ತೀರಿ, ಮತ್ತೂ ಜೋರಾಗಿ ಕೂಗುತ್ತೀರಿ, ದೊಡ್ಡಜ್ಜಿಗೆ ಕಿವುಡು ಎಂದು ನಗುತ್ತೀರಿ. ಅವಳ ಕಿವಿ ಚೆನ್ನಾಗಿಯೇ ಇದೆ ಮಕ್ಕಳೇ. ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನಿರುತ್ತಾಳೆ.